ಬಿಳಿ ಚೌಕದಲ್ಲಿ ಬಿಳಿ ಗುರುತು

ಅವಳ ಕೆಲಸ ಏನು ಅಂತ ಯಾರಾದರೂ ಕೇಳಿದರೆ, "ಕಂಪ್ಯೂಟರಿನಲ್ಲಿ ಫಾರ್ಮಿಗೆ ಅಲಂಕಾರ ಮಾಡ್ತಾಳೆ" ಅಂದುಬಿಡುತ್ತಿದ್ದಳು ಅವಳ ಅಕ್ಕ. ಅದೇನೂ ಪೂರ್ತಿ ಸುಳ್ಳಲ್ಲ. ಈಗ ಎಲ್ಲರೂ ವೆಬ್ ಪುಟದಲ್ಲೇ ಫಾರ್ಮ್ ತುಂಬಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಹೆಸರು ಬರೆಯುವ ಖಾನೆ, ಒತ್ತುವ ಬಟನ್ನು, ಟಿಕ್ ಹಾಕುವ ಚೌಕ, ಇವಕ್ಕೆ ಬಣ್ಣ, ಅಂಚು, ಅಳತೆ ಕೊಡುವುದು ಅವಳ ಕಸುಬು. ಅದನ್ನು ಬರೆಯುವ ಭಾಷೆಗೆ ಸಿಎಸ್‌ಎಸ್ ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಕೈ ಪಳಗಿತ್ತು. ಎದ್ದರೂ ಕೂತರೂ ಅದೇ ಧ್ಯಾನ. ಲಿಫ್ಟಿನ ಬಟನ್ ಕಂಡರೂ ನಿಂತು ಅಂಚು ಸವರಿ ನೋಡುವವಳು.

ತಕರಾರೆಲ್ಲ ಆ ಚೌಕದ್ದೇ. ಒಂದೊಂದು ಫೋನು ಒಂದೊಂದು ಥರ ಚೌಕ ತೋರಿಸುತ್ತದೆ. ಹಲ್ಲಿನ ಆಸ್ಪತ್ರೆಯ ಫಾರ್ಮ್ ನೋಡಿ ಕಚೇರಿಯ ಸಾಹೇಬರು ಮೂಗು ಮುರಿದರು. "ಏನಮ್ಮ, ಮುರುಕು ಕಿಟಕಿ ಹಾಗಿದೆ! ಚೆಂದ ಮಾಡು."

ಅವಳು ಫೋನಿನ ಚೌಕವನ್ನು ಒರೆಸಿಹಾಕಿ ತನ್ನದೊಂದು ಬರೆದಳು. ಒತ್ತಿದರೆ ಚೌಕದ ತುಂಬ ಹಸಿರು, ಹಸಿರಿನ ಮೇಲೆ ಬಿಳಿ ಟಿಕ್. ಅವಳ ಫೋನಿನಲ್ಲಿ ಮೂಡಿತು, ಸಾಹೇಬರ ಫೋನಿನಲ್ಲೂ ಮೂಡಿತು. ಹಳೇ ಫೋನಿನಲ್ಲೂ ಒಂದು ಸಲ ನೋಡುವುದು ಅವಳ ರೂಢಿ. ಅವತ್ತು ಅವಸರ, ಬಿಟ್ಟಳು.

ಮೂರನೇ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದರೆ, ಅಕ್ಕ ಬಾಗಿಲಲ್ಲೇ ನಕ್ಕಳು.

"ನಿನ್ನ ಭಾವ ಹಲ್ಲು ಕೀಳಿಸೋಕೆ ಹೋಗಿದಾರೆ. ನಿನ್ನ ಫಾರ್ಮಿಗೆ ಚೆನ್ನಾಗಿ ಮಂಗಳಾರತಿ ಆಯ್ತು."

"ಯಾಕೆ?"

"ಒತ್ತಿದ್ರೆ ಟಿಕ್ಕೇ ಬೀಳಲಿಲ್ವಂತೆ. ಮತ್ತೆ ಒತ್ತಿದ್ರು. ಆಗಲೂ ಖಾಲಿ. ನಾದಿನಿ ಕೆಲಸ ಬರೀ ಥಳುಕು ಅಂತ ಬೈದು, ಹಾಗೇ ಕಳಿಸಿದ್ರು."

"ಯಾವ ಚೌಕ ಅಕ್ಕ?"

"ಅದೇ, ಔಷಧಿ ಒಗ್ಗಲ್ಲ ಅನ್ನೋದು. ಹೋದ ವರ್ಷ ಸೂಜಿ ಚುಚ್ಚಿದಾಗ ಗಂಟಲು ಊದಿ ಉಸಿರು ಕಟ್ಟಿತಲ್ಲ."

ಭಾವ ಫಾರ್ಮ್ ತುಂಬಿದ್ದು ಅಕ್ಕನ ಹಳೇ ಫೋನಿನಲ್ಲಿ. ಅವಳು ಅದನ್ನೇ ಕಸಿದುಕೊಂಡು ಪುಟ ತೆರೆದು ಒತ್ತಿದಳು. ಹಸಿರು ಬರಲಿಲ್ಲ. ಅವಳು ಬಣ್ಣ ಬರೆದಿದ್ದ ಹೊಸ ರೀತಿ ಆ ಫೋನಿಗೆ ಅರ್ಥವಾಗಿರಲಿಲ್ಲ. ಟಿಕ್ ಬಿದ್ದಿತ್ತು, ಆದರೆ ಬಿಳಿಯ ಮೇಲೆ ಬಿಳಿ, ಯಾರ ಕಣ್ಣಿಗೆ ಕಂಡೀತು? ಮೊದಲ ಸಲ ಒತ್ತಿದಾಗ ಬಿದ್ದ ಟಿಕ್ಕನ್ನು ಎರಡನೇ ಸಲ ಭಾವನೇ ತೆಗೆದಿದ್ದರು.

ಅವಳು ತಕ್ಷಣ ಫೋನು ಹಚ್ಚಿದಳು. ಭಾವನ ಫೋನು ಆಫ್. ಆಸ್ಪತ್ರೆಯದು ಎಂಗೇಜ್. ಯಾರ ಚಪ್ಪಲಿ ಮೆಟ್ಟಿದಳೋ, ಎರಡು ಬೀದಿ ಓಡಿದಳು.

"ಟೋಕನ್ ತಗೊಳ್ಳಿ!" ಅಂತ ಕೌಂಟರಿನಾಕೆ ಕೂಗುತ್ತಿದ್ದಂತೆ ಒಳಬಾಗಿಲು ತಳ್ಳಿದಳು. ಭಾವ ಬಾಯಿ ತೆರೆದು ಒರಗಿದ್ದರು. ಡಾಕ್ಟರ ಕೈಯಲ್ಲಿ ಸೂಜಿ.

"ಚುಚ್ಚಬೇಡಿ! ಅವರಿಗೆ ಒಗ್ಗಲ್ಲ!"

ಡಾಕ್ಟರು ಪರದೆ ನೋಡಿದರು. "ಫಾರ್ಮಿನಲ್ಲಿ ಅಂಥದ್ದೇನೂ ಇಲ್ವಲ್ಲ."

"ಫಾರ್ಮ್ ತಪ್ಪು ಡಾಕ್ಟ್ರೇ. ತಪ್ಪು ನಂದು."

"ನಾನು ಎರಡು ಸಲ ಒತ್ತಿದೀನಲ್ಲ!" ಅಂದರು ಭಾವ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

"ಅದಕ್ಕೇ ಭಾವ..."

ಡಾಕ್ಟರು ಸೂಜಿ ತಟ್ಟೆಗಿಟ್ಟರು. ಅವಳಿಗೆ ಹೋದ ಜೀವ ಬಂತು ಅನ್ನುವಷ್ಟರಲ್ಲಿ ಅವರು ಮೆಲ್ಲಗೆ ಕೇಳಿದರು, "ಮೂರು ದಿನದಿಂದ ಇದೇ ಫಾರ್ಮಾ? ಆಗಲೇ ಒಂಬತ್ತು ಜನಕ್ಕೆ ಮಾತ್ರೆ ಕೊಟ್ಟು ಕಳಿಸಿದೀನಿ."

ಬಂದ ಜೀವ ಮತ್ತೆ ಹೋಯಿತು. ಕೌಂಟರಿನ ಕಂಪ್ಯೂಟರಿನಲ್ಲೇ ಕೂತು ತನ್ನ ಚೌಕವನ್ನು ಅಳಿಸಿ, ಫೋನಿನ ಚೌಕವನ್ನೇ ತಿರುಗಿ ತಂದಳು. ಅವಸರಕ್ಕೆ ಮೂರು ಸಲ ತಪ್ಪಿತು. ಅಷ್ಟರಲ್ಲಿ ಸಾಹೇಬರ ಫೋನು. "ಮತ್ತೆ ಆ ಕಿಟಕಿ ಯಾಕಮ್ಮ ಬಂತು?"

"ಇರಲಿ ಸಾರ್. ಒತ್ತಿದ್ದು ಕಾಣತ್ತೆ," ಅಂತ ಇಟ್ಟುಬಿಟ್ಟಳು.

ಆ ಒಂಬತ್ತು ಜನರ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಮಾಡಿದಳು. ಎಂಟು ಜನ ಏನೂ ತೊಂದರೆ ಇಲ್ಲ ಅಂದರು. ಒಂಬತ್ತನೆಯದು ಹೊಡೆದುಕೊಳ್ಳುತ್ತಲೇ ಇತ್ತು. ಕೌಂಟರಿನಾಕೆಯೂ ಟೋಕನ್ ಕೊಡುವುದು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು. ಕಡೆಗೆ ಒಂದು ವಯಸ್ಸಾದ ದನಿ.

"ಯಾರಮ್ಮ? ಮೊದಲನೇ ಮಾತ್ರೆ ನುಂಗೋಣ ಅಂತ ಈಗ ನೀರು ತಂದೆ."

"ನುಂಗಬೇಡಿ ಅಮ್ಮ! ನಿಮಗೆ ಯಾವುದಾದ್ರೂ ಔಷಧಿ ಆಗಲ್ವಾ?"

"ಬರೆದಿದ್ನಲ್ಲಮ್ಮ, ಗಟ್ಟಿಯಾಗಿ ಬೀಳಲಿ ಅಂತ ನಾಲ್ಕು ಸಲ ಒತ್ತಿದೆ."

ಆಚೆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳುವವರೆಗೂ ಅವಳು ಉಸಿರು ಬಿಡಲಿಲ್ಲ.