ಸೋದರತ್ತೆಯ ಬೆನ್ನು

ನಮ್ಮ ಹುಲುಗಮ್ಮತ್ತೆ ಏಳು ಮಕ್ಕಳಿಗೆ ಹೆಸರಿಟ್ಟಿದ್ದಾಳೆ. ಏಳಕ್ಕೂ ಹೊಡೆತ ತಿಂದಿದ್ದಾಳೆ. ನಮ್ಮ ಕಡೆ ತೊಟ್ಟಿಲ ಶಾಸ್ತ್ರವೇ ಹಾಗೆ: ಸೋದರತ್ತೆಯಾದವಳು ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಉಸುರಬೇಕು, ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಯಾರೂ ಬಿಟ್ಟಿದ್ದೂ ಇಲ್ಲ. ವರ್ಷವೆಲ್ಲ ನಾದಿನಿಯ ಮಾತು ನುಂಗಿಕೊಂಡ ಹೆಂಗಸರಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರವನ್ನು ಹಿರಿಯರು ಮಾಡಿಟ್ಟಿಲ್ಲ.

ಹಾಗೆ ಮಾತು ನುಂಗಿದವರಲ್ಲಿ ನಮ್ಮವ್ವ ಪಂಪಮ್ಮನೇ ಮೊದಲನೆಯವಳು. ಅತ್ತೆ ನಮ್ಮಪ್ಪನ ತಂಗಿ. ಮಲಪನಗುಡಿಗೆ ಕೊಟ್ಟ ಹೆಣ್ಣು. ಬಾಳೆ ತೋಟದಲ್ಲಿ ಗಂಡಾಳಿನ ಸಮ ದುಡಿಯುತ್ತಾಳೆ, ಗಂಡಾಳಿಗಿಂತ ಜೋರಾಗಿ ಬೈಯುತ್ತಾಳೆ. ತವರಿಗೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ಸಾರಿನ ರುಚಿ ನೋಡಿ ಮುಖ ಕಿವುಚುವುದು ಅವಳ ಪದ್ಧತಿ. ಆದರೆ ಅಣ್ಣತಮ್ಮಂದಿರ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಅದರ ತಲೆಗೆ ಕಟ್ಟುವ ಕುಂಚಿಗೆಯನ್ನು ತಾನೇ ಹೊಲಿದು ತರುತ್ತಾಳೆ. ಕೈಗೆ ಕೊಟ್ಟ ಚೀಟಿಯಲ್ಲಿ ಯಾವ ಹೆಸರಿದ್ದರೂ ನಾಲ್ಕನೇ ಕ್ಲಾಸಿನ ವಿದ್ಯೆಯಲ್ಲಿ ಅಕ್ಷರ ಕೂಡಿಸಿ ಓದಿ, ಬೆನ್ನು ಕೊಟ್ಟು ನಿಲ್ಲುತ್ತಾಳೆ.

ನಮ್ಮಲ್ಲಿ ಮೊದಲು ಯಾರೂ ಹೆಸರಿನ ಅರ್ಥ ಕೇಳುತ್ತಿರಲಿಲ್ಲ, ಯಾವ ದೇವರ ಹೆಸರು ಎಂದು ಕೇಳುತ್ತಿದ್ದರು. ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದವಳು ಹುಲುಗಮ್ಮ. ಹಂಪಿಯ ಹರಕೆಯಾದರೆ ಪಂಪಮ್ಮ, ಪಂಪೇಶ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇವತ್ತಿಗೂ ‘ಪಂಪಾ’ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಇನ್ನು ತೀರಿಹೋದ ಹಿರಿಯರ ಹೆಸರನ್ನು ಮುಂದೆ ಹುಟ್ಟಿದ ಕೂಸಿಗೆ ಇಡಲೇಬೇಕು, ಅದರಲ್ಲಿ ಮಾತಿಲ್ಲ. ನಮ್ಮಜ್ಜಿ ಭರಮಮ್ಮ ತೀರಿಕೊಂಡು ಹತ್ತು ವರ್ಷವಾಯಿತು. ಆಮೇಲೆ ಮನೆಯಲ್ಲಿ ಎರಡು ಹೆಣ್ಣು ಹುಟ್ಟಿದವು. ಎರಡು ಸಲವೂ ಅತ್ತೆ ಅಜ್ಜಿಯ ಹೆಸರು ಎತ್ತಿದಳು, ಎರಡು ಸಲವೂ ‘ಮುಂದಿನ ಕೂಸಿಗೆ ಇಡೋಣ’ ಎಂದು ಬೇರೆ ಹೆಸರಿನ ಚೀಟಿ ಕೊಟ್ಟರು.

ಮುಂದಿನ ಕೂಸು ಹೋದ ವರ್ಷ ಹುಟ್ಟಿತು. ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಪಂಪೇಶ ಚಿಕ್ಕಪ್ಪನ ಎರಡನೇ ಮಗಳು. ಸುನಿತಾ ಚಿಕ್ಕಮ್ಮನಿಗೆ ಹೆರಿಗೆಯ ಹಿಂದೆಯೇ ಇನ್ನು ಮಕ್ಕಳಾಗದಂತೆ ಆಪರೇಷನ್ ಆಯಿತು. ಉಳಿದ ಇಬ್ಬರು ಅಣ್ಣಂದಿರ ಮನೆಯಲ್ಲಿ ತೊಟ್ಟಿಲು ಅಟ್ಟ ಸೇರಿ ಎಷ್ಟೋ ಕಾಲವಾಗಿದೆ. ಇದು ತಪ್ಪಿದರೆ ತನ್ನವ್ವನ ಹೆಸರು ಹೋಯಿತು ಎಂದು ಅತ್ತೆ ಮರುದಿನವೇ ಬಸ್ಸು ಹತ್ತಿ ಬಂದಳು.

“ಅವ್ವನ ಹೆಸರು ಇಡ್ರಿ. ಮತ್ತೇನೂ ಕೇಳಂಗಿಲ್ಲ ನಾನು” ಎಂದಳು.

“ಭರಮಮ್ಮ ಅಂದ್ರ ಅರ್ಥ ಏನ್ರಿ ಅಕ್ಕಾ?” ಎಂದು ಸುನಿತಾ ಚಿಕ್ಕಮ್ಮ ಬಹಳ ಮರ್ಯಾದೆಯಿಂದ ಕೇಳಿದಳು.

“ಭರಮಮ್ಮ ಅಂದ್ರ ನಮ್ಮವ್ವ. ಇನ್ನೇನು ಅರ್ಥ ಬೇಕು?”

ಅಷ್ಟು ಅರ್ಥ ಸಾಲಲಿಲ್ಲ. ಆಗಲೇ ‘ಝಿಯಾನ್ವಿ’ ಎಂಬ ಹೆಸರು ನಿಶ್ಚಯವಾಗಿತ್ತು. ಅದರ ಅರ್ಥ ಚಿಕ್ಕಪ್ಪನ ಫೋನಿನಲ್ಲಿ ಸೂರ್ಯನ ಮೊದಲ ಕಿರಣ, ಚಿಕ್ಕಮ್ಮನ ಫೋನಿನಲ್ಲಿ ದೇವರ ಉಡುಗೊರೆ, ನನ್ನ ಫೋನಿನಲ್ಲಿ ನದಿ. ಮೂರೂ ಇರಲಿ ಎಂದುಕೊಂಡೆವು. ಹೆಸರು ಹುಡುಕಿಕೊಟ್ಟವಳು ನಾನೇ, ಸ್ಫೂರ್ತಿ. ಅದಕ್ಕೆ ಅವತ್ತು ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಶಾಸ್ತ್ರ ಹೊಸಪೇಟೆಯ ಒಂದು ಫಂಕ್ಷನ್ ಹಾಲಿನಲ್ಲಿ ನಡೆಯಿತು. ಗುಗ್ಗರಿ ಹಂಚುವ ಜಾಗದಲ್ಲಿ ಕೇಕು ಕೂತಿತ್ತು. ತೊಟ್ಟಿಲ ಹಿಂದೆ ದೊಡ್ಡ ಪರದೆ, ಮೇಲೊಂದು ಆಳೆತ್ತರದ ಬಲೂನು. ಬಲೂನು ಒಡೆದಾಗ ಪರದೆಯ ಮೇಲೆ ಹೆಸರು ಮೂಡಬೇಕು, ಅಲ್ಲಿಯವರೆಗೆ ಗುಟ್ಟು. ಅತ್ತೆ ಕುಂಚಿಗೆ ಹಿಡಿದು ಚೀಟಿಗೆ ಕೈ ಚಾಚಿದಳು.

“ಚೀಟಿ ಇಲ್ರಿ ಅಕ್ಕಾ. ನೀವು ಸುಮ್ನ ಬಗ್ಗಿ ನಿಂದರ್‍ರಿ ಸಾಕು, ಫೋಟೋಕ್ಕ. ಹೆಸರು ಅದ್ರಾಗ ಬರತೈತಿ” ಎಂದಳು ಚಿಕ್ಕಮ್ಮ.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಊರಿಗೆಲ್ಲ ಬೈಯುವ ಹೆಂಗಸು ಸುಮ್ಮನೆ ಹೋಗಿ ತೊಟ್ಟಿಲ ಮೇಲೆ ಬಗ್ಗಿದಳು. ಬಲೂನು ಢಬ್ ಎಂದಿತು. ಮಿಂಚಿನ ಚೂರು ಉದುರಿದವು, ಹಾಡು ಶುರುವಾಯಿತು, ಪರದೆಯ ಮೇಲೆ ಝಿಯಾನ್ವಿ ಕುಣಿಯಿತು. ಜನರೆಲ್ಲ ಅತ್ತ ತಿರುಗಿ ಫೋನು ಎತ್ತಿದರು. ಅತ್ತೆಯ ತುಟಿ ಕೂಸಿನ ಕಿವಿಯ ಹತ್ತಿರ ಆಡುತ್ತಿದ್ದುದನ್ನು ನಾನು ನೋಡಿದೆ.

ಹಾಡು ಮುಗಿದರೂ ಅತ್ತೆ ಬಗ್ಗಿದಲ್ಲೇ ಇದ್ದಳು.

“ಅಮ್ಮಾ, ಫೋಟೋ ಆತು, ಏಳ್ರಿ” ಎಂದ ಕ್ಯಾಮೆರಾದವನು.

“ಇನ್ನಾ ಯಾರೂ ಗುದ್ದಿಲ್ಲಲ್ಲಪ್ಪ. ಗುದ್ದಲಿಲ್ಲ ಅಂದ್ರ ಹೆಸರು ಹೆಂಗ ನಿಲ್ಲತೈತಿ?” ಎಂದಳು ಅತ್ತೆ, ತಲೆ ಎತ್ತದೆ.

ಸುತ್ತ ಇದ್ದವರು ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ನಾನೇ ಹೋಗಬೇಕೆನ್ನುವಷ್ಟರಲ್ಲಿ ನಮ್ಮವ್ವ ಕುರ್ಚಿ ಸರಿಸಿ ಎದ್ದು ಬಂದಳು. ಶಾಸ್ತ್ರಕ್ಕೆಷ್ಟು ಬೇಕೋ ಅಷ್ಟು ಮೆಲ್ಲಗೆ ನಾದಿನಿಯ ಬೆನ್ನಿಗೊಂದು ಗುದ್ದಿದಳು. ಎದುರಿಗೆ ಗೋಡೆಯುದ್ದ ಅಕ್ಷರ ಹೊಳೆಯುತ್ತಿದ್ದರೂ, “ಏನಂತ ಹೆಸರಿಟ್ಟಿ?” ಎಂದು ಕೇಳಿದಳು.

“ಭರಮಮ್ಮ.”

ನಮ್ಮವ್ವ ಇಪ್ಪತ್ತು ವರ್ಷ ಭರಮಮ್ಮನ ಸೊಸೆಯಾಗಿದ್ದವಳು. ಅಜ್ಜಿ ಅವಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ತವರೂರು ಹಿಡಿದು ‘ಕಂಪ್ಲಿಯಾಕಿ’ ಎಂದೇ ಕೊನೆಯವರೆಗೂ ಕೂಗಿದಳು. ಗಂಡನ ತಾಯಿಯ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲವಾದ್ದರಿಂದ ಅವ್ವನೂ ಆ ಹೆಸರು ಎತ್ತಿದವಳಲ್ಲ. ಅಜ್ಜಿ ಸತ್ತ ದಿನವೂ ಎತ್ತಲಿಲ್ಲ. ಅವ್ವ ಒಮ್ಮೆ ಪರದೆ ನೋಡಿದಳು, ಒಮ್ಮೆ ಕೂಸನ್ನು ನೋಡಿದಳು. ಆಮೇಲೆ ಮುಷ್ಟಿ ಕಟ್ಟಿ ಎರಡನೇ ಗುದ್ದು ಕೊಟ್ಟಳು. ಅದು ಶಾಸ್ತ್ರದ್ದಾಗಿರಲಿಲ್ಲ. ಅತ್ತೆ ತೊಟ್ಟಿಲು ಹಿಡಿದುಕೊಂಡು ಸಾವರಿಸಿಕೊಂಡಳು, ತೊಟ್ಟಿಲು ಅಲುಗಾಡಿ ಕೂಸು ಕಿರುಚಿಕೊಂಡಿತು.

“ಲೇ ಭರಮಮ್ಮ, ಬಾಯಿ ಮುಚ್ಚು. ಭಾಳ ಆತು ನಿಂದು!” ಎಂದಳು ನಮ್ಮವ್ವ, ಇಡೀ ಹಾಲಿಗೆ ಕೇಳುವಂತೆ.

ಕೂಸು ಅಳು ಇನ್ನೂ ಜೋರು ಮಾಡಿತು.

“ಮಾತು ಕೇಳಂಗಿಲ್ಲ ನೋಡು, ಥೇಟ್ ಅಕಿನೇ” ಎಂದು ಅವ್ವ ಅದನ್ನು ಎತ್ತಿ ಎದೆಗೆ ಹಾಕಿಕೊಂಡಳು.