ಎರೆ ನೆಲದಲ್ಲಿ ಹೂತ ರಥ

ಮೊನ್ನೆ ಹೊಸ್ತಿಲಿಗೆ ಬಳಿಯಲೆಂದು ಕೆಮ್ಮಣ್ಣು ನೆನೆಸಿದೆ. ನೀರು ಬಿದ್ದು ಆ ವಾಸನೆ ಏಳುತ್ತಲೇ ಒಬ್ಬಳೇ ಕೂತು ನಗತೊಡಗಿದೆ. ನಗು ನಿಂತ ಮೇಲೆ ನೋಡಿದರೆ ಕಣ್ಣು ಒದ್ದೆ. ನಮ್ಮ ಪಕ್ಕದ ಮನೆಯ ಮಾಸ್ತರರು ನೆನಪಾಗಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕರ್ನೂಲಿನಿಂದ ಆದೋನಿಗೆ ಸೊಸೆಯಾಗಿ ಬಂದ ಹೊಸತು. ತವರಿನಲ್ಲಿ ಮನೆಮಾತು ಕನ್ನಡವೇ, ಆದರೆ ಅಡುಗೆಮನೆ ದಾಟದ ಕನ್ನಡ. ಶಾಲೆ, ಗೆಳತಿಯರು, ಜಗಳ ಎಲ್ಲವೂ ತೆಲುಗಿನಲ್ಲಿ. ಆದೋನಿಯವರ ಗಡಿಸೀಮೆಯ ಕನ್ನಡ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಎಡವಟ್ಟಾದದ್ದು ಆ ತಲೆಯಾಡಿಸುವ ಚಟದಿಂದಲೇ.

ಮಾಸ್ತರರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಹಣೆಯ ಮೇಲೆ ನಾಮ, ಬಾಯಲ್ಲಿ ಸದಾ ಯಾವುದಾದರೊಂದು ಯುದ್ಧ. ಹಳೆಯ ಕಾಲದ ಯುದ್ಧದ್ದೇ ಒಂದು ಆಟವನ್ನು ತಾವೇ ಕಟ್ಟಿದ್ದರು. ಚೌಕದ ಮನೆಗಳು ಕೊರೆದ ದೊಡ್ಡ ಹಲಗೆ. ಒಂದು ಸೈನ್ಯಕ್ಕೆ ರಥಗಳು, ಇನ್ನೊಂದಕ್ಕೆ ಆನೆಗಳು, ಕಾಲಾಳು ಇಬ್ಬರಿಗೂ. ಹುಣಸೆಬೀಜಗಳೇ ಕಾಲಾಳು, ಅಡಿಕೆಗಳೇ ಆನೆ, ದರ್ಜಿಯಿಂದ ಬೇಡಿ ತಂದ ಖಾಲಿ ದಾರದ ರೀಲುಗಳೇ ರಥ. ಆನೆ ಒಂದೊಂದೇ ಮನೆ ನಡೆಯಬೇಕು. ರಥ ಮಾತ್ರ ನೇರವಾಗಿ ಎಷ್ಟು ದೂರ ಬೇಕಾದರೂ ಓಡಬಹುದು, ಅಡ್ಡ ಬಂದವರನ್ನೆಲ್ಲ ತುಳಿದು ಹಾಕಬಹುದು. ಮಾಸ್ತರರಿಗೆ ಆ ರಥಗಳ ಮೇಲೆ ಎಂಥ ಮೋಹವೆಂದರೆ, ರೀಲುಗಳಿಗೆ ಕುಂಕುಮದ ಬೊಟ್ಟು ಇಡುತ್ತಿದ್ದರು!

ಅವರೊಡನೆ ಆಡುತ್ತಿದ್ದವರು ಎದುರು ಮನೆಯ ಹತ್ತಿ ಸಾವ್ಕಾರರು, ಹಣೆ ತುಂಬ ವಿಭೂತಿ ಹಚ್ಚುವವರು. ಇಬ್ಬರೂ ಚಡ್ಡಿ ದೋಸ್ತರು. ಸಂಜೆ ಮಾರ್ಕೆಟ್ಟಿನಿಂದ ಬಂದ ಸಾವ್ಕಾರರು ಅಂಗಿಗೆ ಅಂಟಿದ ಹತ್ತಿಯ ಎಳೆಯನ್ನೂ ಕೊಡವದೆ ನೇರವಾಗಿ ಮಾಸ್ತರರ ಕಟ್ಟೆ ಹತ್ತುತ್ತಿದ್ದರು. ಹತ್ತಿ, ಸೋತು, ಬೈದು, ಇಳಿಯುತ್ತಿದ್ದರು. ಮಾಸ್ತರರು ರಥದ ಕಡೆಯನ್ನು ಬಿಟ್ಟುಕೊಟ್ಟದ್ದು ಒಂದೇ ಸಲ, ನಮ್ಮ ಮನೆಯವರಿಗೆ. ಆಟದ ತಲೆಬುಡ ತಿಳಿಯದ ನಮ್ಮ ಮನುಷ್ಯ ಮಾಸ್ತರರನ್ನೇ ಸೋಲಿಸಿ ಎದ್ದು ಬಂದರು. ಅಂದರೆ ಗೆಲ್ಲುತ್ತಿದ್ದುದು ಬುದ್ಧಿಯಲ್ಲ, ರಥ.

ಒಂದು ಸಂಜೆ ಸಾವ್ಕಾರರು ರೇಗಿಬಿಟ್ಟರು. "ಲೇ, ನಿನ್ನ ಆಟದಾಗ ನ್ಯಾಯ ಇಲ್ಲ. ತಕ್ಕಡಿ ಒಂದ ಕಡಿಗೆ ಜೋತು ಬಿದ್ದೈತಿ."

"ಹಿಂದಕ ರಥ ಇದ್ದವರೇ ಗೆಲ್ತಿದ್ರು. ಚರಿತ್ರೆ ನಿನಗೇನ್ ಗೊತ್ತದ?" ಎಂದರು ಮಾಸ್ತರರು.

"ಚರಿತ್ರೆ ನೀನ ಇಟ್ಕೊ. ಈ ರಥ ಹಿಂಗ ಇರೋತನಕ ನಿನ್ನ ಕಟ್ಟಿ ಹತ್ತಿದ್ರ ಕೇಳು!"

ಹತ್ತಲಿಲ್ಲ. ಅರವತ್ತು ದಾಟಿದ ಇಬ್ಬರು ಗಂಡಸರು ಮಕ್ಕಳ ಹಾಗೆ ಠೂ ಬಿಟ್ಟು ಕೂತರು. ಮಾಸ್ತರರು ಎರಡೂ ಕಡೆಯ ಕಾಯಿ ತಾವೇ ನಡೆಸುತ್ತಿದ್ದರು. ಸಾವ್ಕಾರರು ಎದುರಿನ ಕಟ್ಟೆಯಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ಅದು ತಲೆಕೆಳಗಾಗಿದ್ದರೂ ಅವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ... ದಿನಗಳು ಹೀಗೇ ಹೋದವು.

ಕೊನೆಗೊಂದು ದಿನ ಮಾಸ್ತರರು ಹಲಗೆ ಹೊತ್ತು ನಮ್ಮ ಬಾಗಿಲಿಗೆ ಬಂದರು. "ತಂಗಿ, ನೀ ರಂಗೋಲಿ ಚಲೋ ಹಾಕ್ತಿ. ನಡುವಿನ ಈ ಮನೆಗಳನ್ನ ಎರೆ ನೆಲ ಮಾಡಿ ಕೊಡು. ರಥ ಅಲ್ಲಿ ಹೊಕ್ಕರ ಹೂತುಹೋಗಬೇಕು. ಅವ ಬರದಿದ್ರ ನನಗ ಊಟ ಸೇರೂದಿಲ್ಲವ್ವ."

ನಾನು ತಲೆಯಾಡಿಸಿದೆ.

ಹತ್ತಿ ಬೆಳೆಯುವ ಕಪ್ಪು ನೆಲಕ್ಕೆ ಇಲ್ಲಿ ಎರೆ ಅನ್ನುತ್ತಾರೆ, ಮಳೆ ಬಿದ್ದರೆ ಬಂಡಿಯ ಗಾಲಿಯನ್ನೇ ನುಂಗುವ ಅಂಟು ಮಣ್ಣು ಅದು. ಇದನ್ನು ನನಗೆ ಯಾರು ಹೇಳಿದ್ದರು? ನನ್ನ ತೆಲುಗು ಕಿವಿಗೆ ಅದು 'ಎರ್ರ' ಎಂದು ಕೇಳಿಸಿತು. ತೆಲುಗಿನಲ್ಲಿ ಎರ್ರ ಅಂದರೆ ಕೆಂಪು. ಕೆಮ್ಮಣ್ಣು ಕಲಸಿ, ಒಂದು ಗೆರೆ ಆಚೀಚೆ ಆಗದಂತೆ, ನಡುವಿನ ಮನೆಗಳಿಗೆಲ್ಲ ಕೆಂಪಗೆ ಬಳಿದು ಒಣಗಿಸಿ, ಮರುದಿನ ಸಂಜೆ ಹೆಮ್ಮೆಯಿಂದ ಒಯ್ದು ಕೊಟ್ಟೆ.

ಮಾಸ್ತರರು ಹಲಗೆ ನೋಡಿದರು. ನನ್ನ ಮುಖ ನೋಡಿದರು. "ಇದೇನವ್ವ?"

"ಎರ್ರ ನೆಲ ಅಂದ್ರಲ್ಲ ಮಾಸ್ತರೇ..."

ಅವರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ! ನನಗೋ ನೆಲ ಬಿರಿದು ನುಂಗಬಾರದೇ ಅನ್ನಿಸಿತ್ತು. ಅಷ್ಟರಲ್ಲಿ ಎದುರಿನ ಕಟ್ಟೆಯಿಂದ ದನಿ ಬಂತು: "ಏನಾತಲೇ?"

ಠೂ ಬಿಟ್ಟ ಮೇಲೆ ಸಾವ್ಕಾರರ ಬಾಯಿಂದ ಬಂದ ಮೊದಲ ಮಾತು.

"ಬಂದು ನೋಡು ಬಾ! ಕರ್ನೂಲ ಸೊಸಿ ಎರಿಗೆ ಕೆಂಪು ಬಳದಾಳ!"

ಸಾವ್ಕಾರರು ಬಂದರು, ಆದರೆ ಕಟ್ಟೆಯ ಕೆಳಗೇ ನಿಂತು ಕತ್ತು ಉದ್ದ ಮಾಡಿ ನೋಡಿದರು. ಹತ್ತಿ ಕೊಳ್ಳಲು ಕೌತಾಳಂ, ಹೊಳಗುಂದದ ಹಳ್ಳಿಗಳನ್ನೆಲ್ಲ ಬಂಡಿಯಲ್ಲಿ ಸುತ್ತಿದವರು ಅವರು. "ಇದು ಮಸಾರಿ ಆತಲ್ಲೋ. ಕೆಂಪು ನೆಲದಾಗ ಬಂಡಿ ಎಲ್ಲಿ ಹೂತ್ಕೊಂತೈತಿ? ಮಳಿ ನಿಂತ್ರ ಸಾಕು, ನಡೀತೈತಿ."

"ಹಂಗಾರ ಅಳಿಸಿಬಿಡ್ಲೇನು?"

"ಅಳಿಸಬ್ಯಾಡಲೇ. ರಥಕ್ಕ ಓಡಾಕ ಒಂದು ದಾರಿ ಬೇಕಲ್ಲ, ಇದು ಇರ್ಲಿ. ಆ ಕಡಿ ಈ ಕಡಿ ಎರಿ ಮಾಡು. ಎರ್ಯಾಗ ಬಂಡಿ ಹೂತ್ರ ನಾವೇನ್ ಮಾಡ್ತೀವಿ? ಆಳು ಬಂದು ನೂಕ್ತಾರ. ಇಲ್ಲೀನೂ ಹಂಗ. ಇಲ್ಲೊಬ್ಬ, ಇಲ್ಲೊಬ್ಬ, ಎರಡು ಕಾಲಾಳು ಬಂದು ನಿಂತ್ರನ ರಥ ಏಳಬೇಕು."

'ಇಲ್ಲೊಬ್ಬ, ಇಲ್ಲೊಬ್ಬ' ಎಂದು ಬೆರಳಿಟ್ಟು ತೋರಿಸುವ ಭರದಲ್ಲಿ ಸಾವ್ಕಾರರು ಒಂದು ಮೆಟ್ಟಿಲು ಹತ್ತಿದರು. ಮತ್ತೊಂದು ಹತ್ತಿದರು. ಆಮೇಲೆ ಚಪ್ಪಲಿ ಸಮೇತ ಬಂದು ಹಲಗೆಯ ಮುಂದೆ ಕೂತೇಬಿಟ್ಟರು! ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು, ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ಅವರ ಕಣ್ಣಲ್ಲಿ ನೀರಿತ್ತು. ನಗುವಿನದೋ, ಮತ್ತೆ ಯಾವುದರದೋ...

ದೀಪದ ಮಸಿಗೆ ಎಣ್ಣೆ ಕಲಸಿ ಆಚೀಚಿನ ಮನೆಗಳಿಗೆ ಕಪ್ಪು ಬಳಿದು ಕೊಟ್ಟೆ. ಆ ಸಂಜೆ ಮಾಸ್ತರರ ರಥ ಗೆಲುವಿನ ಅಮಲಿನಲ್ಲಿ ಓಡಿ ಎರೆಗೆ ಬಿತ್ತು. ನೂಕಲು ಹತ್ತಿರದಲ್ಲಿ ಒಬ್ಬ ಕಾಲಾಳೂ ಇರಲಿಲ್ಲ. ರಥವೊಂದಿದ್ದರೆ ಸಾಕು ಎಂದುಕೊಂಡವರು ಹುಣಸೆಬೀಜಗಳನ್ನು ಯಾವತ್ತು ಲೆಕ್ಕಕ್ಕಿಟ್ಟಿದ್ದರು? ಸಾವ್ಕಾರರ ಆನೆಗಳು ನಿಧಾನಕ್ಕೆ ಬಂದು ಸುತ್ತುಗಟ್ಟಿದವು. ಸಾವ್ಕಾರರ ಕೂಗು ಇಡೀ ಓಣಿಗೆ ಕೇಳಿಸಿತು. "ಸೋತೆನಲೇ!" ಎಂದು ಮಾಸ್ತರರು ಅದಕ್ಕಿಂತ ಜೋರಾಗಿ ಕೂಗಿದರು. ಸೋತು ಅಷ್ಟು ಖುಷಿಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಒಂದು ದಿನ ಇವರು ಗೆದ್ದರೆ ಒಂದು ದಿನ ಅವರು. ನನಗೂ ಆಟ ಕಲಿಸಿದರು. ನನ್ನ ಕನ್ನಡ ಬಲಿತದ್ದು ಆ ಕಟ್ಟೆಯ ಮೇಲೆಯೇ. ಇಬ್ಬರೂ ನನ್ನನ್ನು 'ಎರ್ರ ಸೊಸಿ' ಎಂದೇ ಕರೆಯುತ್ತಿದ್ದರು, ನನಗದು ಇಷ್ಟವಾಗಿತ್ತು.

ಕೆಲವು ವರ್ಷಗಳ ಮೇಲೆ ಮಾಸ್ತರರು ತೀರಿಕೊಂಡರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಸಾವ್ಕಾರರು ಅದೇ ಕಟ್ಟೆ ಹತ್ತಿ ಹಲಗೆ ಹಾಸಿ ನನ್ನನ್ನು ಕರೆದರು. ನೋಡಿದರೆ ರಥದ ಕಡೆ ಕೂತಿದ್ದಾರೆ. ಜನ್ಮದಲ್ಲಿ ಆ ಕಡೆ ಕೂತವರಲ್ಲ.

"ಏನ್ರಿ ಸಾವ್ಕಾರ್ರ, ಇವತ್ತು ರಥ ತಗೊಂಡೀರಿ?"

ರೀಲಿಗೆ ಹತ್ತಿದ ಧೂಳನ್ನು ಅವರು ಧೋತರದ ಅಂಚಿನಲ್ಲಿ ಒರೆಸಿದರು. "ಅವನ ಕಡಿಗೆ ಯಾರರ ಕುಂದ್ರಬೇಕಲ್ಲವ್ವ."

ಈಗ ಸಾವ್ಕಾರರೂ ಇಲ್ಲ. ಅವರಿಬ್ಬರಿಲ್ಲದ ಓಣಿ ನನಗೆ ಇವತ್ತಿಗೂ ರೂಢಿಯಾಗಿಲ್ಲ, ಸುಳ್ಳೇಕೆ ಹೇಳಲಿ. ಹಲಗೆ ಮಾತ್ರ ನನ್ನ ಹತ್ತಿರ ಉಳಿದಿದೆ. ಮೊನ್ನೆ ಅಟ್ಟದಿಂದ ಇಳಿಸಿ ಒರೆಸುತ್ತಿದ್ದಾಗ ಎದುರು ಮನೆಗೆ ಹೊಸದಾಗಿ ಬಂದ ಸೊಸೆ, ಇದೇನು ಎಂದು ತೆಲುಗಿನಲ್ಲಿ ಕೇಳಿದಳು. ಕೂರಿಸಿಕೊಂಡು ಹೇಳಿಕೊಟ್ಟೆ. ಯಾವ ಕಡೆ ಬೇಕು ಎಂದಾಗ ಹಿಂದುಮುಂದು ನೋಡದೆ ರಥಗಳನ್ನು ತನ್ನತ್ತ ಎಳೆದುಕೊಂಡಳು. ನಾನು ಆನೆಗಳನ್ನು ತೆಗೆದುಕೊಂಡು ಸಾವ್ಕಾರರ ಜಾಗದಲ್ಲಿ ಕೂತೆ.