ಖಲೀಲನ ಮೂವತ್ತಮೂರು ಮಣಿ

ನ್ಯಾಮತಿಯಲ್ಲಿ ಕಾರು ರಿಪೇರಿ ಮಾಡುವ ಖಲೀಲ್ ಬ್ರೇಕ್ ಪರೀಕ್ಷೆಗೆ ಕೂತನೆಂದರೆ ಮೊದಲು ಬಲಗಾಲಿನ ಚಪ್ಪಲಿ ಬಿಡುತ್ತಾನೆ. ಬರಿಗಾಲಲ್ಲಿ ಪೆಡಲ್ ಒತ್ತಿ ಹಿಡಿದು, ಜೇಬಿನಿಂದ ಜಪಮಣಿ ತೆಗೆದು, ಒಂದೊಂದು ಮಣಿಗೂ ದೇವರ ಹೆಸರು ಹೇಳುತ್ತ ಹೋಗುತ್ತಾನೆ. ಮೂವತ್ತಮೂರು ಮಣಿ ಮುಗಿಯುವವರೆಗೆ ಪೆಡಲ್ ಇದ್ದಲ್ಲೇ ಇದ್ದರೆ ಗಾಡಿ ಪಾಸು. ನಡುವೆ ಕಾಲು ಕೆಳಗಿಳಿಯಿತೋ, ಬಾನೆಟ್ ಎತ್ತಲೇಬೇಕು. ಗಡಿಯಾರ ನೋಡಿದರೆ ಆಗದೇ ಎಂದು ಕೇಳಿದವರಿಗೆ ಅವನ ಉತ್ತರ ಸಿದ್ಧ: "ಗಡಿಯಾರ ನೋಡಿದ್ರೆ ಬರೀ ಟೈಮ್ ಹೋಗ್ತೈತೆ. ಹಿಂಗಾದ್ರೆ ಸ್ವಲ್ಪ ಪುಣ್ಯನೂ ಬರ್ತೈತೆ."

ಇಪ್ಪತ್ತೆಂಟು ವರ್ಷದಿಂದ ಅವನು ರಸೀದಿ ಬರೆದವನಲ್ಲ. "ನಾ ಹಾಕಿದ ವಾಷರ್ ಎರಡು ವರ್ಷ ಸೋರಾಂಗಿಲ್ಲ" ಎಂಬ ಬಾಯಿಮಾತೇ ಗ್ಯಾರಂಟಿ. ಆ ಮಾತನ್ನು ನಂಬದವಳು ಊರಲ್ಲಿ ಒಬ್ಬಳೇ, ಅವನ ಹೆಂಡತಿ ಸುಗ್ರಾ. "ಮನೆ ನಲ್ಲಿ ಎರಡು ತಿಂಗಳಿಂದ ಸೋರ್ತೈತೆ. ಅದಕ್ಕೂ ಒಂದು ಮಾತು ಕೊಡ್ರಿ" ಎಂದು ಅವಳು ದಿನಾ ಬೆಳಿಗ್ಗೆ ಚಹಾದ ಜೊತೆಗೇ ಕೇಳುತ್ತಾಳೆ.

ಹೀಗಿರುವಾಗ ಹೊನ್ನಾಳಿ ರಸ್ತೆಯ ಷಣ್ಮುಖಪ್ಪ ಗ್ಯಾರೇಜಿನ ಎದುರಿನ ಚಹಾ ಹೋಟೆಲಿನಲ್ಲಿ ಕೂತು ಹತ್ತು ಜನರ ಮುಂದೆ ಹೇಳಿಬಿಟ್ಟ: "ಖಲೀಲ್ ನಮ್ಮ ಕಾರಿನ ಬ್ರೇಕಿಗೆ ವಾಷರ್ ಹಾಕಿ ಇನ್ನೂ ತಿಂಗಳಾಗಿಲ್ಲ. ಪೆಡಲ್ ಪಾತಾಳಕ್ಕೆ ಹೋಗ್ತೈತೆ. ಡೂಪ್ಲಿಕೇಟ್ ಸಾಮಾನು ಹಾಕ್ಯಾನೆ." ಸಂಜೆಯ ಹೊತ್ತಿಗೆ ಆ ಮಾತು ಖಲೀಲನ ಕಿವಿಗೆ ಬಿತ್ತು. ಬೈದಿದ್ದರೆ ನಕ್ಕು ಬಿಡುತ್ತಿದ್ದ. ಡೂಪ್ಲಿಕೇಟ್ ಎಂಬ ಮಾತನ್ನು ಮಾತ್ರ ನುಂಗಲಾಗಲಿಲ್ಲ. ರಾತ್ರಿಯ ಊಟ ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಷಣ್ಮುಖಪ್ಪ ಒಂದನೇ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡೇ ಕಾರು ತಂದು ನಿಲ್ಲಿಸಿದ. ಪಕ್ಕದಲ್ಲಿ ಹೆಂಡತಿ ಕಸ್ತೂರಮ್ಮ ಕೂತಿದ್ದಳು. ದಾರಿಯುದ್ದಕ್ಕೂ ತಲೆ ಹೊರಗೆ ಹಾಕಿ "ಸರೀರಿ, ಸರೀರಿ" ಎಂದು ದನಕ್ಕೂ ಜನಕ್ಕೂ ಹೇಳಿ ಅವಳ ಗಂಟಲು ಕಟ್ಟಿತ್ತು.

ಖಲೀಲ್ ಚಪ್ಪಲಿ ಬಿಟ್ಟು ಕೂತ. ಆರನೇ ಮಣಿಗೆ ಪೆಡಲ್ ಇಳಿಯತೊಡಗಿತು. ಒಂಬತ್ತಕ್ಕೆ ತಳ ಮುಟ್ಟಿತು. ಚಕ್ರಗಳ ಒಳಗೆ ಬೆರಳಾಡಿಸಿ ನೋಡಿದ, ಒಣಗಿತ್ತು. ಪೈಪೂ ಒಣಗಿತ್ತು. ಎಣ್ಣೆ ಹೊರಗೆಲ್ಲೂ ಹೋಗಿಲ್ಲ ಎಂದರೆ ಬ್ರೇಕಿನ ಸಿಲಿಂಡರಿನ ಒಳಗೇ ವಾಷರ್ ದಾಟಿ ಹಿಂದಕ್ಕೆ ಬರುತ್ತಿದೆ. ತಾನೇ ಹಾಕಿದ ವಾಷರ್.

"ಏನಾತು ಸಾಬ್ರೆ?" ಷಣ್ಮುಖಪ್ಪ ಮೀಸೆಯಲ್ಲೇ ನಕ್ಕ.

"ಬಿಚ್ಚಿದ ಮೇಲೆ ಹೇಳ್ತೀನಿ ಗೌಡ್ರೆ."

ಬಿಚ್ಚಿದ. ವಾಷರ್ ನೆನೆಸಿಟ್ಟ ಕಡಲೆಯಂತೆ ಉಬ್ಬಿತ್ತು, ಅಂಚು ಹರಿದಿತ್ತು. ಕೆಟ್ಟ ಸಾಮಾನಾದರೆ ಒಣಗಿ ಸೀಳುತ್ತದೆ. ಹೀಗೆ ಉಬ್ಬಬೇಕಾದರೆ ಒಳಗೆ ಬೇರೆ ಎಣ್ಣೆ ಸೇರಿರಬೇಕು. ಖಲೀಲ್ ಸ್ಟೀಲ್ ಲೋಟದಲ್ಲಿ ನೀರು ತಂದು, ಕಾರಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಪಿಚಕಾರಿಯಲ್ಲಿ ಸ್ವಲ್ಪ ಎಳೆದು ಅದರಲ್ಲಿ ಬಿಟ್ಟ. ಬ್ರೇಕ್ ಆಯಿಲ್ ನೀರಲ್ಲಿ ಬೆರೆತು ಮಾಯವಾಗುವ ಜಾತಿ. ಇಲ್ಲಿ ನೀರಿನ ಮೇಲೆ ದುಂಡನೆಯ ಬೊಟ್ಟುಗಳು ತೇಲಿದವು. ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಲೋಟವನ್ನು ಕಸ್ತೂರಮ್ಮನ ಕೈಗೆ ಕೊಟ್ಟ.

"ಅಕ್ಕಾರೆ, ಇದು ಏನ್ ವಾಸನೆ ನೋಡ್ರಿ."

ಕಸ್ತೂರಮ್ಮ ಮೂಸಿದಳು. ಇನ್ನೊಮ್ಮೆ ಮೂಸಿದಳು. "ಇದು ನಮ್ಮನೆ ಕೊಬ್ಬರಿ ಎಣ್ಣೆ. ಮೆಂತ್ಯ ಹಾಕಿ ನಾನೇ ಕಾಯ್ಸಿದ್ದು." ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಬಾಟ್ಲಿ ಬೇಗ ಮುಗೀತು ಅಂತ ನಾನು ಸೊಸೆ ಜಡೆ ನೋಡ್ತಾ ಕೂತಿದ್ದೆ. ನಿಮ್ಮ ತಲೇಲಿ ನೋಡಿದ್ರೆ ಹಚ್ಚಾಕೆ ಒಂದು ಕೂದ್ಲಿಲ್ಲ. ಕಾರಿಗೆ ಹಚ್ಚಿದ್ರಾ?"

ಷಣ್ಮುಖಪ್ಪ ಅಡಿಕೆಗೆ ಔಷಧಿ ಹೊಡೆಯುವ ಪಂಪನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ರಿಪೇರಿಗೆ ಹೊರಗೆ ಕೊಟ್ಟವನಲ್ಲ. ಅದರ ಚರ್ಮದ ವಾಷರನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿದರೆ ಉಬ್ಬಿ ಗಟ್ಟಿಯಾಗಿ ಹಿಡಿಯುತ್ತದೆ. ಅವನ ಕೈಗುಣವೆಂದು ಸುತ್ತಿನ ತೋಟದವರೆಲ್ಲ ಹೊಗಳುತ್ತಿದ್ದದ್ದು ಅದನ್ನೇ.

"ಡಬ್ಬೀಲಿ ಎಣ್ಣೆ ಒಂಚೂರು ಕಮ್ಮಿ ಕಾಣ್ತು. ಭಾನುವಾರ, ಅಂಗಡಿ ಬಾಗಿಲು ಹಾಕಿತ್ತು" ಎಂದ ಷಣ್ಮುಖಪ್ಪ, ನೆಲ ನೋಡುತ್ತ. "ಹೊಸ ವಾಷರ್, ಮೆತ್ತಗಾಗಿ ಕೂತ್ಕಳ್ಲಿ ಅಂತ ಹಾಕ್ದೆ."

"ಅದು ಚರ್ಮ ಗೌಡ್ರೆ. ಇದು ರಬ್ಬರ್" ಎಂದ ಖಲೀಲ್. ಇನ್ನೂ ಹೇಳುವುದಿತ್ತು. ಕಸ್ತೂರಮ್ಮನ ಮುಖ ನೋಡಿ, ಆ ಕೆಲಸ ಮನೆಯಲ್ಲೇ ನಡೆಯುತ್ತದೆಂದು ಅವಳಿಗೇ ಬಿಟ್ಟ.

ಸಿಲಿಂಡರಿನದ್ದಷ್ಟೇ ಅಲ್ಲ, ನಾಲ್ಕೂ ಚಕ್ರದ ರಬ್ಬರ್ ಬದಲಿಸಬೇಕಿತ್ತು. ಸಾಮಾನು ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂತು. ಪೈಪುಗಳನ್ನು ತೊಳೆದು, ಹೊಸ ಎಣ್ಣೆ ತುಂಬಿ, ಒಳಗಿನ ಗಾಳಿ ತೆಗೆಯಲು ಖಲೀಲ್ ಕಾರಿನ ಕೆಳಗೆ ಮಲಗಿದ. ಪೆಡಲ್ ತುಳಿಯುವ ಕೆಲಸ ಷಣ್ಮುಖಪ್ಪನಿಗೆ ಬಿತ್ತು.

"ಒತ್ರಿ... ಹಿಡೀರಿ... ಬಿಡ್ರಿ."

"ಇನ್ನೂ ಎಷ್ಟು ಸಲ ಸಾಬ್ರೆ?"

"ಡೂಪ್ಲಿಕೇಟ್ ಗಾಳಿ ಎಲ್ಲಾ ಹೋಗ್ಲಿ ತಡೀರಿ."

ಷಣ್ಮುಖಪ್ಪ ಮತ್ತೆ ಒತ್ತಿ ಹಿಡಿದ.

ಕೊನೆಯ ಪರೀಕ್ಷೆಯನ್ನು ಖಲೀಲ್ ತಾನು ಮಾಡಲಿಲ್ಲ. "ನೀವೇ ಒತ್ತಿ ಎಣಿಸ್ರಿ" ಎಂದ. ತುಳಿದು ತುಳಿದು ಸೋತಿದ್ದ ಷಣ್ಮುಖಪ್ಪನ ಕಾಲು ಹನ್ನೆರಡಕ್ಕೇ ನಡುಗಿತು. ಕಸ್ತೂರಮ್ಮ ಅವನನ್ನು ಇಳಿಸಿ, ಜೀವನದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತು, ಪೆಡಲ್ ಒತ್ತಿ, ಕಣ್ಣು ಮುಚ್ಚಿ ಶಿವನಾಮ ಶುರುಮಾಡಿದಳು. ಮೂವತ್ತಮೂರಾದರೂ ಏಳಲಿಲ್ಲ.

"ಸಾಕು ಅಕ್ಕಾರೆ."

"ನಿಂದು ಮೂವತ್ತಮೂರು ತಮ್ಮಾ, ನಂದು ನೂರೆಂಟು. ನಡುವೆ ಎದ್ರೆ ನಡೆಯಾಂಗಿಲ್ಲ."

ನೂರೆಂಟೂ ಮುಗಿದವು. ಪೆಡಲ್ ಕೂದಲೆಳೆಯಷ್ಟೂ ಇಳಿಯಲಿಲ್ಲ. ಇಳಿದು ಬಂದ ಕಸ್ತೂರಮ್ಮ ಗಂಡನಿಗೆ ಹೇಳಿದಳು: "ಹೋಟೆಲ್ ಮುಂದೆ ನಿಲ್ಸಿ. ಅಲ್ಲಿ ಹೇಳಿದ್ದನ್ನ ಅಲ್ಲೇ ತಿದ್ದಿ ಬರ್ರಿ."

"ಏನಂತ ಹೇಳ್ಲಿ?"

"ಮೆಂತ್ಯ ಹಾಕಿದ್ದು ಮರೀಬ್ಯಾಡ್ರಿ."

ಕಾರು ಹೊರಟಿತು. ಹೋಟೆಲಿನ ಎದುರು ಹಿಂದಿನ ಕೆಂಪು ದೀಪ ಹೊತ್ತಿತು, ಕಾರು ಹೇಳಿದ ಜಾಗದಲ್ಲೇ ನಿಂತಿತು. ಷಣ್ಮುಖಪ್ಪ ಇಳಿದು, ಪಂಚೆ ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಹೊರಗೇ ನಿಂತು, ಒಳಗೆ ಹೋದ. ಖಲೀಲ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ಜಪಮಣಿ ತೆಗೆದ. ಹತ್ತೊಂಬತ್ತನೇ ಮಣಿಗೆ ಹೋಟೆಲಿನಿಂದ ಹತ್ತು ಜನರ ನಗು ಒಟ್ಟಿಗೇ ಕೇಳಿಸಿತು.

ಅವನು ಉಳಿದ ಹದಿನಾಲ್ಕನ್ನೂ ನಿಧಾನವಾಗಿ ಮುಗಿಸಿದ. ಆಮೇಲೆ ಒಳಗೆ ಹೋಗಿ, ಪೆಟ್ಟಿಗೆಯಲ್ಲಿ ಮನೆಯ ನಲ್ಲಿಗೆ ಹೊಂದುವ ವಾಷರ್ ಹುಡುಕತೊಡಗಿದ.